ಗೃಹಾರೋಗ್ಯ: ವಾಂತಿಯಲ್ಲಿ ನೆತ್ತರು ಕಂಡಾಗ

ಮದುವೆಯ ಆರತಕ್ಷತೆಯ ಊಟ ಮುಗಿಸಿಕೊಂಡು ಮನೆಮಂದಿಯೆಲ್ಲ ರಾತ್ರಿ ಹತ್ತು ಗಂಟೆಗೆ ಹಿಂದಿರುಗಿರುತ್ತಾರೆ. ಮಿತ್ರರೊಡನೆ ಹಿಂದುಳಿದ ಯಜಮಾನನು ಮಾತ್ರ ಹನ್ನೊಂದೂವರೆಗೆ ಬಂದು ಸದ್ದಿಲ್ಲದೆ ಮಲಗುತ್ತಾನೆ. ಎರಡು ಗಂಟೆಯ ಸುಮಾರಿಗೆ ಹೊಟ್ಟೆ ತೊಳಸಿ ವಾಂತಿ ಮೊದಲಾಗುತ್ತದೆ. ಮೊದಲನೆಯ ಸಲ ಉಂಡ ಅನ್ನ. ಎರಡನೆಯ ಸಲ ಹುಳಿನೀರು. ಮೂರನೆಯ ಸಲ ಏನೂ ಬಾರದೆ, ಕರುಳೇ ಕಿತ್ತು ಬರುವಂತಹ ಬರಿಯ ಓಕರಿಕೆ. ನಾಲ್ಕನೆಯ ಸಲ ಬೋಗುಣಿಯಲ್ಲಿ ಕೆಂಪು ನೆತ್ತರು. ಬಚ್ಚಲಿನ ಬಾಗಿಲಲ್ಲಿ ನಿಂತ ಹೆಂಡತಿಯ ಕೈಕಾಲು ತಣ್ಣಗಾಗುತ್ತವೆ.

ಇಂತಹ ಇರುಳು ಯಾವ ಮನೆಗೂ ಬರಬಹುದು. ಬಂದಾಗ ಆ ಮನೆಯಲ್ಲಿ ನಡೆಯುವುದನ್ನು ಓದುಗರು ಸುಲಭವಾಗಿ ಊಹಿಸಿಕೊಳ್ಳಬಲ್ಲರು. ಎಚ್ಚರಗೊಂಡು ಎದ್ದು ಬಂದ ತಾಯಿ, “ಪಿತ್ತ ಕೆರಳಿದೆ ಕಣಮ್ಮ. ಒಂದು ಲೋಟ ನಿಂಬೆಹಣ್ಣಿನ ಪಾನಕ ಮಾಡಿಕೊಂಡು ಬಾ, ಇಳಿದುಹೋಗುತ್ತದೆ” ಎನ್ನುತ್ತಾರೆ. ತಮ್ಮನು, “ಈಗ ಯಾವ ಡಾಕ್ಟರು ಸಿಗುತ್ತಾರೆ? ಬೆಳಗಾಗಲಿ ಅತ್ತಿಗೆ” ಎನ್ನುತ್ತಾನೆ. ಹೆಂಡತಿಗೆ ಎರಡೂ ಸರಿತೋರದೆ, ಪಕ್ಕದ ಮನೆಯ ಕದ ತಟ್ಟುತ್ತಾಳೆ. ಅಲ್ಲಿರುವಾಕೆ ಬಹುಕಾಲ ದಾದಿಯಾಗಿ ದುಡಿದು ನಿವೃತ್ತರಾದವರು.

ಆಕೆ ಬಂದು ಮೊದಲು ನೋಡುವುದು ರೋಗಿಯ ಮುಖವನ್ನು, ಅನಂತರ ಬೋಗುಣಿಯನ್ನು. ನಾಡಿ ಹಿಡಿದು ಗಡಿಯಾರದ ಮುಳ್ಳನ್ನು ನೋಡುತ್ತ ಎಣಿಸುತ್ತಾರೆ, ನಿಮಿಷಕ್ಕೆ 112. “ಪಾನಕ ಬೇಡಮ್ಮ, ಒಂದು ತೊಟ್ಟು ನೀರೂ ಬೇಡ. ಇವರನ್ನು ಎಡಮಗ್ಗುಲಿಗೆ ಮಲಗಿಸಿ. ಬೋಗುಣಿಯನ್ನು ಈಗಲೇ ತೊಳೆಯಬೇಡಿ, ಫೋನಿನಲ್ಲಿ ಅದರ ಚಿತ್ರ ತೆಗೆದುಕೊಳ್ಳಿ. 108ಕ್ಕೆ ಕರೆ ಮಾಡಿ. ಬೆಳಗಿನವರೆಗೆ ಕಾಯುವ ಕೆಲಸ ಇದಲ್ಲ” ಎನ್ನುತ್ತಾರೆ.

ಆಕೆಯ ಈ ನಾಲ್ಕು ಮಾತುಗಳಲ್ಲಿ ಒಂದೊಂದಕ್ಕೂ ಕಾರಣವುಂಟು. ಆ ಕಾರಣಗಳನ್ನು ಮನೆಮನೆಯ ಹಿರಿಯರೂ ಗೃಹಿಣಿಯರೂ ತಿಳಿದಿರುವುದು ಲೇಸು.

ಈ ನೆತ್ತರು ಎಲ್ಲಿಂದ ಬಂತು?

ಬಾಯಿಂದ ಜಠರಕ್ಕೆ ಆಹಾರವನ್ನು ಸಾಗಿಸುವ ಅನ್ನನಾಳವು ಸುಮಾರು 25 ಸೆಂಟಿಮೀಟರ್ ಉದ್ದದ ಮೃದುವಾದ ಕೊಳವೆ. ಅದು ಎದೆಯ ಗೂಡಿನಲ್ಲಿ ಇಳಿದು, ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ ಎಂಬ ಸ್ನಾಯುವಿನ ತೆರಪಿನಲ್ಲಿ ನುಸುಳಿ, ಜಠರವನ್ನು ಕೂಡಿಕೊಳ್ಳುತ್ತದೆ. ವಾಂತಿಯಾಗುವಾಗ ಹೊಟ್ಟೆಯ ಸ್ನಾಯುಗಳೂ ವಪೆಯೂ ಒಮ್ಮೆಲೇ ಬಿಗಿದು ಜಠರವನ್ನು ಹಿಂಡುತ್ತವೆ. ಆಗ ಜಠರದೊಳಗಿನ ಒತ್ತಡ ಮೇಲಕ್ಕೆ ನುಗ್ಗುತ್ತದೆ. ಹೊಟ್ಟೆ ಬರಿದಾದ ಮೇಲೂ ಓಕರಿಕೆ ನಿಲ್ಲದೆ, ಮತ್ತೆ ಮತ್ತೆ ಅದೇ ಬಲದಿಂದ ಹಿಂಡಿದರೆ, ಅನ್ನನಾಳವೂ ಜಠರವೂ ಸೇರುವ ಆ ಸಂಧಿಸ್ಥಾನದ ಒಳಪೊರೆ ಉದ್ದಕ್ಕೆ ಸೀಳುತ್ತದೆ. ಹಳೆಯ ರೇಷ್ಮೆಯ ಬಟ್ಟೆಯನ್ನು ಜಗ್ಗಿದಾಗ ಎಳೆಯ ಜಾಡು ಹಿಡಿದು ಹರಿಯುವಂತೆಯೇ ಇದು. ಸೀಳು ಸಾಮಾನ್ಯವಾಗಿ ಒಂದರಿಂದ ನಾಲ್ಕು ಸೆಂಟಿಮೀಟರ್ ಉದ್ದವಿರುತ್ತದೆ. ಪೊರೆಯ ಕೆಳಗೆ ರಕ್ತನಾಳಗಳು ಹೇರಳವಾಗಿರುವುದರಿಂದ ನೆತ್ತರು ಒಸರುತ್ತದೆ.

ಮೊದಲು ಬರಿಯ ವಾಂತಿ, ಅನಂತರ ನೆತ್ತರು ಎಂಬ ಈ ಅನುಕ್ರಮವೇ ವೈದ್ಯರಿಗೆ ದೊರೆಯುವ ಮೊದಲ ಸುಳಿವು. ಆದರೆ ಎಲ್ಲ ರೋಗಿಗಳೂ ಈ ಅನುಕ್ರಮವನ್ನು ಪಾಲಿಸುವುದಿಲ್ಲ. ಕೆಲವರಿಗೆ ಮೊದಲ ವಾಂತಿಯಲ್ಲಿಯೇ ನೆತ್ತರು ಕಾಣುವುದುಂಟು.

ಈ ಸೀಳನ್ನು ವಿಶದವಾಗಿ ವರ್ಣಿಸಿದ ಕೀರ್ತಿ ಅಮೆರಿಕದ ಬಾಸ್ಟನ್ ನಗರದ ಇಬ್ಬರು ವೈದ್ಯರಿಗೆ ಸಲ್ಲುತ್ತದೆ. ಒಬ್ಬರು ರೋಗಶಾಸ್ತ್ರಜ್ಞ ಕೆನೆತ್ ಮ್ಯಾಲರಿ. ಇನ್ನೊಬ್ಬರು ಹಂಗೆರಿಯಿಂದ ಬಂದು ಅಲ್ಲಿ ನೆಲೆಸಿದ್ದ ಸೋಮಾ ವೈಸ್. ವಿಪರೀತ ಮದ್ಯಪಾನದ ಬಳಿಕ ವಾಂತಿ ಮಾಡಿಕೊಂಡು ನೆತ್ತರು ಕಾರಿದ 15 ಮಂದಿಯ ವೃತ್ತಾಂತವನ್ನು ಇವರು 1929ರಲ್ಲಿ ಪ್ರಕಟಿಸಿದರು. ಹುಣ್ಣಿಲ್ಲದ ಜಠರದಿಂದಲೂ ಪ್ರಾಣಾಪಾಯವಾಗುವಷ್ಟು ನೆತ್ತರು ಹರಿಯಬಹುದೆಂಬುದು ಅದರಿಂದ ಸ್ಪಷ್ಟವಾಯಿತು. ಇಂದಿಗೂ ಈ ಸೀಳಿಗೆ ಮ್ಯಾಲರಿ-ವೈಸ್ ಸೀಳು ಎಂದೇ ಹೆಸರು.

ಮೊದಲ ರೋಗಿಗಳು ಕುಡುಕರಾಗಿದ್ದ ಕಾರಣ, ಇದು ಕುಡುಕರ ಕಾಯಿಲೆ ಎಂಬ ಅಪಖ್ಯಾತಿ ಬಹುಕಾಲ ಉಳಿಯಿತು. ಅದು ಪೂರ್ಣ ಸತ್ಯವಲ್ಲ. ಬಸುರಿನ ಮೊದಲ ತಿಂಗಳುಗಳಲ್ಲಿ ಬಿಡದೆ ವಾಂತಿ ಮಾಡಿಕೊಳ್ಳುವ ಹೆಣ್ಣುಮಕ್ಕಳಿಗೂ, ಹಳಸಿದ ಆಹಾರ ತಿಂದು ವಾಂತಿಭೇದಿಗೆ ಸಿಕ್ಕವರಿಗೂ, ಉಸಿರುಕಟ್ಟಿ ಕೆಮ್ಮುವವರಿಗೂ ಇದು ಆಗಬಹುದು. ಜಠರದ ಮೇಲುಭಾಗವು ವಪೆಯ ತೆರಪಿನಲ್ಲಿ ಎದೆಗೆ ಜಾರಿರುವವರಲ್ಲಿ ಇದರ ಸಂಭವ ಹೆಚ್ಚು. ಆದುದರಿಂದ ನೆತ್ತರು ಕಾರಿದವನನ್ನು ಕಂಡೊಡನೆ ಅವನ ನಡತೆಯನ್ನು ಶಂಕಿಸುವುದು ನ್ಯಾಯವಲ್ಲ. ವೈದ್ಯರು ಕೇಳಿದಾಗ ನಿಜವನ್ನು ಮರೆಸುವುದೂ ಕ್ಷೇಮವಲ್ಲ.

ಒಂದು ಸಮಾಧಾನದ ಮಾತೂ ಇದೆ. ಇಂತಹ ಸೀಳುಗಳಲ್ಲಿ 100ಕ್ಕೆ 80ರಿಂದ 90 ತಮ್ಮಷ್ಟಕ್ಕೆ ನೆತ್ತರು ನಿಲ್ಲಿಸಿ, ಕೆಲವೇ ದಿನಗಳಲ್ಲಿ ಮಾಯುತ್ತವೆ. ಹಾಗಿದ್ದಮೇಲೆ ನಡುರಾತ್ರಿಯ ಓಡಾಟವೇಕೆ ಎಂದು ಕೇಳಬಹುದು. ತಾನಾಗಿ ನಿಲ್ಲುವ ಸೀಳು ಯಾವುದು, ನಿಲ್ಲದ ಸೀಳು ಯಾವುದು ಎಂಬುದನ್ನು ಬೋಗುಣಿ ನೋಡಿ ಹೇಳುವುದು ಯಾರಿಂದಲೂ ಆಗದು. ಅದಕ್ಕಿಂತ ಮಿಗಿಲಾಗಿ, ನೆತ್ತರು ಸೀಳಿನಿಂದಲೇ ಬಂದಿತೆಂಬ ಭರವಸೆಯೂ ಇಲ್ಲ. ಜಠರದ ಹುಣ್ಣು ನೆತ್ತರು ಸುರಿಸಬಹುದು. ಯಕೃತ್ತು ಕೆಟ್ಟವರಲ್ಲಿ ಅನ್ನನಾಳದ ಉಬ್ಬಿದ ರಕ್ತನಾಳಗಳು ಒಡೆಯಬಹುದು. ಅದು ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಎರವಾಗಬಲ್ಲುದು.

ಸೇನಾನಿಯ ಕೊನೆಯ ಊಟ

ಒಳಪೊರೆ ಮಾತ್ರ ಹರಿದರೆ ಮ್ಯಾಲರಿ-ವೈಸ್ ಸೀಳು. ಕೊಳವೆಯ ಗೋಡೆಯೇ ಪೂರ್ತಿ ಬಿರಿದರೆ ಅದರ ಕಥೆ ಬೇರೆ. ಆ ಕಥೆ ಸುಮಾರು ಮುನ್ನೂರು ವರ್ಷಗಳಷ್ಟು ಹಳೆಯದು.

1723ರಲ್ಲಿ ಹಾಲೆಂಡಿನ ನೌಕಾಸೇನಾನಿ ಬ್ಯಾರನ್ ಯಾನ್ ಫಾನ್ ವಾಸೆನಾರ್ ಎಂಬಾತನು, ಭೋಜನ ಭಾರವಾದಾಗಲೆಲ್ಲ ಔಷಧ ಕುಡಿದು ವಾಂತಿ ಮಾಡಿಕೊಳ್ಳುವ ಪದ್ಧತಿಯಂತೆ ಅಂದೂ ವಾಂತಿಗೆ ಯತ್ನಿಸಿದನು. ಒಡನೆಯೇ ಎದೆಯೊಳಗೆ ಏನೋ ಹರಿದಂತಾಗಿ ಅಸಹನೀಯವಾದ ನೋವು ಕಾಣಿಸಿತು. ಲೈಡನ್ ವಿಶ್ವವಿದ್ಯಾನಿಲಯದ ಹರ್ಮನ್ ಬೋರ್‌ಹಾವೆ ಆ ಕಾಲದ ಯುರೋಪಿನಲ್ಲಿ ಹೆಸರಾಂತ ವೈದ್ಯ. ಅವನನ್ನು ಕರೆಸಿದರೂ ಫಲವಾಗಲಿಲ್ಲ. ದಿನ ತುಂಬುವುದರೊಳಗೆ ಸೇನಾನಿ ತೀರಿಕೊಂಡನು. ಶವವನ್ನು ಪರೀಕ್ಷಿಸಿದಾಗ ಬೋರ್‌ಹಾವೆಗೆ ಎದೆಯ ಕುಹರದಲ್ಲಿ ಸೇನಾನಿ ಕುಡಿದಿದ್ದ ಎಣ್ಣೆಯೂ, ಉಂಡಿದ್ದ ಬಾತುಕೋಳಿಯ ವಾಸನೆಯೂ ಕಂಡುಬಂದವು. ಅನ್ನನಾಳ ಎರಡಾಗಿ ಹರಿದಿತ್ತು. 1724ರಲ್ಲಿ ಅವನು ಈ ವೃತ್ತಾಂತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಆ ಬಿರಿತಕ್ಕೆ ಅವನ ಹೆಸರೇ ಉಳಿಯಿತು.

ಅನಂತರ ಇನ್ನೂರಕ್ಕೂ ಹೆಚ್ಚು ವರ್ಷಗಳ ಕಾಲ ಈ ಬಿರಿತಕ್ಕೆ ಮರಣವೇ ಕೊನೆಯಾಗಿತ್ತು. 1947ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ನಾರ್ಮನ್ ಬ್ಯಾರೆಟ್ ಹರಿದ ಅನ್ನನಾಳವನ್ನು ಹೊಲಿದು ರೋಗಿಯನ್ನು ಬದುಕಿಸಿದ ಮೇಲೆ ಆಸೆಯ ಬಾಗಿಲು ತೆರೆಯಿತು. ಇಂದು ಹೊಲಿಗೆಯೊಡನೆ, ಬಿರುಕಿನ ಮೇಲೆ ಒಳಗಿನಿಂದ ಜಾಲರಿಯ ನಳಿಕೆಯನ್ನು ಕೂರಿಸುವ ಉಪಾಯವೂ ಇದೆ. ಆದರೆ ಇಂದಿಗೂ ಫಲಾಫಲ ನಿಂತಿರುವುದು ಗಡಿಯಾರದ ಮೇಲೆ. ಮೊದಲ 24 ಗಂಟೆಗಳೊಳಗೆ ರೋಗ ಗೊತ್ತಾದವರ ಭಾಗ್ಯ ಒಂದು ಬಗೆ, ತಡವಾದವರದು ಇನ್ನೊಂದು ಬಗೆ.

ಇದನ್ನು ಗುರುತಿಸಲು ಮನೆಯವರು ಮೂರು ಲಕ್ಷಣಗಳನ್ನು ನೆನಪಿಡಬೇಕು. ಬಲವಾದ ವಾಂತಿ, ಅದರ ಬೆನ್ನಿಗೇ ಎದೆಯಲ್ಲಿಯೋ ಬೆನ್ನಿನಲ್ಲಿಯೋ ಮೇಲುಹೊಟ್ಟೆಯಲ್ಲಿಯೋ ಸೀಳಿದಂತಹ ನೋವು, ಕೊರಳ ಬಳಿ ಚರ್ಮದಡಿ ಗಾಳಿ ಸೇರಿ ಊದುವುದು. ಊದಿದೆಡೆಯನ್ನು ಬೆರಳಿನಿಂದ ಒತ್ತಿದರೆ ಕಡಲೆಪುರಿಯ ಚೀಲವನ್ನು ಒತ್ತಿದಂತೆ ಚರಚರ ಎನ್ನುತ್ತದೆ. ಮೂರೂ ಒಟ್ಟಿಗೆ ಕಾಣಲೇಬೇಕೆಂದಿಲ್ಲ. ಇಲ್ಲಿ ನೆತ್ತರು ಅಷ್ಟಾಗಿ ಕಾಣದೆ ಇರುವುದರಿಂದಲೂ, ನೋವು ಹೃದಯಾಘಾತವನ್ನು ಹೋಲುವುದರಿಂದಲೂ ಮೋಸಹೋಗುವ ಸಂಭವ ಹೆಚ್ಚು. “ವಾಂತಿಯಾದ ಮೇಲೆ ನೋವು ಬಂತು” ಎಂಬ ಒಂದು ಮಾತನ್ನು ಮನೆಯವರು ಮರೆಯದೆ ಹೇಳಿದರೆ ವೈದ್ಯರಿಗೆ ದಾರಿ ತೋರಿಸಿದಂತಾಗುತ್ತದೆ. ಇಂತಹ ರೋಗಿಗೆ ಬಾಯಿಂದ ಕೊಟ್ಟ ಪಾನಕವು ಜಠರವನ್ನು ಸೇರದೆ ಎದೆಯ ಕುಹರವನ್ನು ಸೇರುತ್ತದೆ. ಪಕ್ಕದ ಮನೆಯ ದಾದಿ ನೀರನ್ನೂ ಬೇಡವೆಂದದ್ದು ಇದಕ್ಕಾಗಿಯೇ. ಎಡಮಗ್ಗುಲಿಗೆ ಮಲಗಿಸಿದ್ದು, ಮತ್ತೆ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿಯದಿರಲೆಂದು.

ಒಳಗನ್ನು ಕಂಡ ಕಣ್ಣು

ಹಿಂದಿನ ವೈದ್ಯರು ಇಂತಹ ಸೀಳನ್ನು ಸಾಮಾನ್ಯವಾಗಿ ಕಾಣುತ್ತಿದ್ದುದು ಶವಪರೀಕ್ಷೆಯಲ್ಲಿ. ಬದುಕಿರುವವನ ಜಠರದೊಳಗೆ ಇಣುಕುವ ಹಂಬಲ ಹಳೆಯದೇ. 1868ರಲ್ಲಿ ಜರ್ಮನಿಯ ಅಡಾಲ್ಫ್ ಕುಸ್‌ಮೌಲ್ ಕತ್ತಿ ನುಂಗುವ ವಿದ್ಯೆಯ ಆಟಗಾರನೊಬ್ಬನನ್ನು ಒಪ್ಪಿಸಿ, ಅವನ ಗಂಟಲಿನಲ್ಲಿ ನೇರವಾದ ಲೋಹದ ಕೊಳವೆಯನ್ನು ಇಳಿಸಿ ನೋಡಿದನು. ಕೊಳವೆ ಇಳಿಯಿತು, ಆದರೆ ಬೆಳಕು ಸಾಲಲಿಲ್ಲ. 1932ರಲ್ಲಿ ರುಡಾಲ್ಫ್ ಶಿಂಡ್ಲರ್ ಅರ್ಧ ಬಾಗುವ ಕೊಳವೆಯನ್ನು ಬಳಕೆಗೆ ತಂದನು. ಅದೂ ರೋಗಿಗೆ ಹಿತವಾದ ಸಾಧನವೇನಾಗಿರಲಿಲ್ಲ.

ಬೆಳಕನ್ನು ಬಾಗಿಸುವ ಉಪಾಯ ದೊರೆತುದರಲ್ಲಿ ಭಾರತೀಯರೊಬ್ಬರ ಪಾಲೂ ಉಂಟು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸರೊಡನೆ ದುಡಿದು, ಕೂದಲೆಳೆಯಂತಹ ಗಾಜಿನ ನಾರುಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ತೋರಿಸಿದರು. 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಬರಹವನ್ನು ಓದಿದ ವೈದ್ಯ ಬೇಸಿಲ್ ಹಿರ್ಷೋವಿಟ್ಜ್, ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ತನ್ನ ಜೊತೆಗಾರರ ನೆರವಿನಿಂದ ಬಳುಕುವ ದರ್ಶಕವನ್ನು ನಿರ್ಮಿಸಿದನು. 1957ರಲ್ಲಿ ಅದನ್ನು ಮೊದಲು ನುಂಗಿದವನು ಅವನೇ. ತಾನು ಸಹಿಸಬಲ್ಲೆನೆಂದು ಖಚಿತಮಾಡಿಕೊಂಡ ಮೇಲೆಯೇ ಅದನ್ನು ರೋಗಿಯ ಬಾಯಿಗೆ ಇಟ್ಟನು. ಕಪಾನಿಯವರು 2020ರಲ್ಲಿ ನಿಧನರಾದರು. ಮರುವರ್ಷ ಭಾರತ ಸರ್ಕಾರ ಅವರಿಗೆ ಮರಣೋತ್ತರ ಪದ್ಮವಿಭೂಷಣವನ್ನು ನೀಡಿತು.

ಇಂದಿನ ಎಂಡೋಸ್ಕೋಪಿನ ನಳಿಕೆ ಸುಮಾರು ಕಿರುಬೆರಳಿನಷ್ಟು ದಪ್ಪ. ಅದರ ತುದಿಯಲ್ಲಿ ದೀಪವೂ ಪುಟ್ಟ ಕ್ಯಾಮೆರಾವೂ ಇರುತ್ತವೆ. ನಳಿಕೆಯೊಳಗಿನ ಸಣ್ಣ ಕಾಲುವೆಯಲ್ಲಿ ಸೂಜಿಯನ್ನೂ ಚಿಮುಟವನ್ನೂ ಇಳಿಸಬಹುದು. ಆದಕಾರಣ ನೋಡಿದ ಕಣ್ಣೇ ಚಿಕಿತ್ಸೆಯ ಕೈಯೂ ಆಗಿದೆ.

ಆಸ್ಪತ್ರೆಯಲ್ಲಿ

108ರ ಬಂಡಿ ರೋಗಿಯನ್ನು ಆಸ್ಪತ್ರೆಗೆ ತಲುಪಿಸಿದೆ. ಎಲ್ಲಕ್ಕಿಂತ ಮೊದಲು ಎಂಡೋಸ್ಕೋಪಿ ಮಾಡುತ್ತಾರೆಂದು ಮನೆಯವರು ಎಣಿಸುತ್ತಾರೆ. ಹಾಗೆ ಮಾಡುವುದಿಲ್ಲ. ಮೊದಲು ರೋಗಿಯನ್ನು ನಿಭಾಯಿಸಬೇಕು, ಅನಂತರ ಸೀಳನ್ನು. ಈ ಮೊದಲ ಗಂಟೆಯ ಭಾರದಲ್ಲಿ ಹೆಚ್ಚಿನ ಪಾಲು ದಾದಿಯರದು.

ದಾದಿ ಎರಡು ತೋಳುಗಳಿಗೂ ದಪ್ಪನಾದ ಸೂಜಿನಳಿಕೆಗಳನ್ನು ಸೇರಿಸುತ್ತಾಳೆ. ಒಂದು ಕೈಕೊಟ್ಟರೆ ಇನ್ನೊಂದಿರಲೆಂದೂ, ಬೇಕಾದಾಗ ದ್ರವವನ್ನು ಬೇಗ ಹರಿಸಲೆಂದೂ ಈ ಏರ್ಪಾಟು. ಜನರು ಗ್ಲೂಕೋಸ್ ಎಂದು ಕರೆಯುವ ಆ ಬಾಟಲಿಯಲ್ಲಿ ಇಂತಹ ಸಮಯದಲ್ಲಿ ಇರುವುದು ಸಾಮಾನ್ಯವಾಗಿ ಲವಣದ ದ್ರಾವಣ. ನೆತ್ತರಿನ ಗುಂಪನ್ನು ತಿಳಿಯಲು ಮಾದರಿ ತೆಗೆಯುತ್ತಾಳೆ. ನಾಡಿ, ರಕ್ತದೊತ್ತಡ, ಉಸಿರಾಟಗಳನ್ನು ಕಾಲು ಗಂಟೆಗೊಮ್ಮೆ ಬರೆದಿಡುತ್ತಾಳೆ. ಮೂತ್ರವನ್ನು ಅಳೆಯುತ್ತಾಳೆ, 60 ಕಿಲೋ ತೂಕದವನಿಗೆ ಗಂಟೆಗೆ 30 ಮಿಲಿಲೀಟರಿಗಿಂತ ಕಡಮೆಯಾದರೆ ಮೂತ್ರಪಿಂಡಕ್ಕೆ ಸಾಕಷ್ಟು ನೆತ್ತರು ತಲುಪುತ್ತಿಲ್ಲವೆಂದು ಎಚ್ಚರಗೊಳ್ಳುತ್ತಾಳೆ.

ಆಕೆ ಮತ್ತೆ ಮತ್ತೆ ನಾಡಿ ಹಿಡಿಯುವುದು ಬರಿಯ ರೂಢಿಯಿಂದಲ್ಲ. ನೆತ್ತರು ಒಳಗೆ ಸೋರುತ್ತಿರುವಾಗ ರಕ್ತದೊತ್ತಡ ಕೆಲಕಾಲ ಕುಸಿಯದೆ ನಿಂತಿರುತ್ತದೆ. ಮೊದಲು ಓಡತೊಡಗುವುದು ನಾಡಿ. ಅಂಗೈ ತಣ್ಣಗಾಗುವುದು, ಹಣೆ ಬೆವರುವುದು, ಕಾರಣವಿಲ್ಲದೆ ಚಡಪಡಿಸುವುದು ಇವೆಲ್ಲ ಯಂತ್ರದ ಅಂಕೆಗಿಂತ ಮೊದಲೇ ಸುದ್ದಿ ಕೊಡುತ್ತವೆ. ರಕ್ತದೊತ್ತಡಕ್ಕೋ ಹೃದಯಕ್ಕೋ ಕೆಲವು ಬಗೆಯ ಗುಳಿಗೆ ನುಂಗುವವರಲ್ಲಿ ನಾಡಿ ಓಡದೆಯೂ ಇರಬಹುದು. ಆದುದರಿಂದ ಹಳೆಯ ಔಷಧದ ಚೀಟಿಗಳನ್ನು ಮನೆಯವರು ಜೊತೆಯಲ್ಲಿ ತರತಕ್ಕದ್ದು. ಮೊದಲ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿದೆಯೆಂದು ಹಿಗ್ಗುವುದೂ ತರವಲ್ಲ. ಹರಿದ ನೆತ್ತರಿನ ಕೊರತೆ ಅಂಕೆಯಲ್ಲಿ ಕಾಣಲು ಹಲವು ಗಂಟೆಗಳು ಬೇಕು.

ಇಲ್ಲಿಯೇ ಸಾಮಾನ್ಯವಾಗಿ ಒಂದು ಪ್ರಶ್ನೆ ಬರುತ್ತದೆ. “ಕುಡಿಯುವ ಅಭ್ಯಾಸವಿದೆಯೇ?” ಎಂದು ದಾದಿ ಕೇಳುತ್ತಾಳೆ. ಮಂಚದ ಪಕ್ಕದಲ್ಲಿ ನಿಂತ ತಾಯಿ ಸಿಡಿದೇಳುತ್ತಾರೆ: “ನಮ್ಮ ಮನೆತನದಲ್ಲಿ ಅದೆಲ್ಲ ಇಲ್ಲಮ್ಮ!” ಮಗ ಮುಖ ತಿರುಗಿಸುತ್ತಾನೆ. ಅನುಭವಸ್ಥಳಾದ ದಾದಿ ವಾದಕ್ಕೆ ಇಳಿಯುವುದಿಲ್ಲ. “ಅಮ್ಮ, ಈ ಚೀಟಿಯನ್ನು ಹೊರಗೆ ಕೌಂಟರಿನಲ್ಲಿ ಕೊಟ್ಟು ಬನ್ನಿ” ಎಂದು ಅವರನ್ನು ಕಳುಹಿಸಿ, ಪರದೆ ಎಳೆದು, ತಗ್ಗಿದ ದನಿಯಲ್ಲಿ ಮತ್ತೊಮ್ಮೆ ಕೇಳುತ್ತಾಳೆ. ಆಗ ನಿಜ ಹೊರಬರುತ್ತದೆ. ನಿನ್ನೆಯ ರಾತ್ರಿ ಮಿತ್ರರೊಡನೆ ಕುಡಿದದ್ದು ಉಂಟು. ಅದಕ್ಕಿಂತ ಮುಖ್ಯವಾಗಿ, ಬೆನ್ನುನೋವಿಗೆಂದು ಎರಡು ವಾರದಿಂದ ಅಂಗಡಿಯ ನೋವಿನ ಗುಳಿಗೆ ನುಂಗುತ್ತಿರುವುದೂ ಉಂಟು. ಮೊದಲನೆಯದು ಸೀಳಿನ ಕಡೆಗೆ ಬೆರಳು ತೋರಿಸುತ್ತದೆ. ಎರಡನೆಯದು ಹುಣ್ಣಿನ ಕಡೆಗೆ. ವೈದ್ಯರು ಎರಡನ್ನೂ ಹುಡುಕಬೇಕು. ದಾದಿ ಅದನ್ನು ವೈದ್ಯರಿಗೆ ಬರೆದಿಡುತ್ತಾಳೆ, ತಾಯಿಗೆ ಹೇಳುವುದಿಲ್ಲ. ರೋಗಿಯ ಗುಟ್ಟನ್ನು ಕಾಯುವುದೂ ಶುಶ್ರೂಷೆಯ ಒಂದು ಅಂಗ.

ನೆತ್ತರು ಕೊಡಿಸಬೇಕೆಂದು ಬಂಧುಗಳು ಆತುರಪಡುವುದು ಸಹಜ. ಆದರೆ ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂಬ ನಂಬಿಕೆ ಸರಿಯಲ್ಲವೆಂದು ಸ್ಪೇನಿನ ಬಾರ್ಸಿಲೋನದಲ್ಲಿ 921 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಿಮೋಗ್ಲೋಬಿನ್ 7 ಗ್ರಾಮಿಗಿಂತ ಇಳಿದಾಗ ಮಾತ್ರ ನೆತ್ತರು ಕೊಟ್ಟವರಲ್ಲಿ 100ಕ್ಕೆ 95 ಮಂದಿ ಆರು ವಾರಗಳ ಬಳಿಕ ಬದುಕಿದ್ದರು. ಧಾರಾಳವಾಗಿ ಕೊಟ್ಟವರಲ್ಲಿ 91 ಮಂದಿ. ಧಾರೆಯಾಗಿ ನೆತ್ತರು ಹರಿಯುತ್ತಿರುವವರಿಗೂ ಹೃದ್ರೋಗಿಗಳಿಗೂ ಅಳತೆ ಬೇರೆ. ನೆತ್ತರು ಕೊಡುವಾಗ ಇಬ್ಬರು ನಿಂತು ಹೆಸರು, ಗುಂಪು, ಚೀಲದ ಸಂಖ್ಯೆಗಳನ್ನು ಓದಿ ತಾಳೆ ನೋಡುತ್ತಾರೆ. ಮೊದಲ 15 ನಿಮಿಷ ದಾದಿ ಕಣ್ಣಿಟ್ಟಿರುತ್ತಾಳೆ. ಚಳಿ, ನಡುಕ, ಸೊಂಟನೋವು, ಮೈಮೇಲೆ ದದ್ದು ಕಂಡರೆ ಕೂಡಲೇ ಆಕೆಗೆ ತಿಳಿಸಬೇಕು.

ಎಂಡೋಸ್ಕೋಪಿಯ ಹೊತ್ತು

ಸ್ಥಿತಿ ಸುಧಾರಿಸಿದ ಮೇಲೆ, ಸಾಮಾನ್ಯವಾಗಿ 24 ಗಂಟೆಗಳೊಳಗೆ ಎಂಡೋಸ್ಕೋಪಿ ನಡೆಯುತ್ತದೆ. ದಾದಿ ಒಪ್ಪಿಗೆಯ ಪತ್ರಕ್ಕೆ ಸಹಿಯಾಗಿದೆಯೇ ಎಂದು ನೋಡುತ್ತಾಳೆ. ಕಟ್ಟಿಸಿಕೊಂಡ ಹಲ್ಲುಗಳಿದ್ದರೆ ತೆಗೆಸುತ್ತಾಳೆ. ಸಡಿಲವಾದ ಹಲ್ಲಿದ್ದರೆ ವೈದ್ಯರಿಗೆ ಹೇಳುತ್ತಾಳೆ. ಹೆಂಗಸರಾದರೆ ಉಗುರುಬಣ್ಣವನ್ನು ಅಳಿಸುತ್ತಾಳೆ, ಏಕೆಂದರೆ ಬೆರಳಿಗೆ ಸಿಕ್ಕಿಸುವ ಯಂತ್ರ ಉಗುರಿನ ಮೂಲಕವೇ ನೆತ್ತರಿನ ಆಮ್ಲಜನಕವನ್ನು ಅಳೆಯುತ್ತದೆ. ಗಂಟಲು ಮರವಡಿಸುವ ಔಷಧವನ್ನು ಸಿಂಪಡಿಸಿ, ಹಲ್ಲುಗಳ ನಡುವೆ ಬಳೆಯಂತಹ ಕಾಪನ್ನು ಇಟ್ಟು, ಎಡಮಗ್ಗುಲಿಗೆ ಮಲಗಿಸುತ್ತಾಳೆ. ನೆತ್ತರು ಹೆಚ್ಚಾಗಿರುವವನಿಗೆ ಶ್ವಾಸನಾಳವನ್ನು ಕಾಪಾಡಲು ಅರಿವಳಿಕೆಯ ವೈದ್ಯರೂ ಬರುವುದುಂಟು.

ನಳಿಕೆ ಇಳಿಯುವಾಗ ರೋಗಿಯ ತಲೆಯ ಬಳಿ ನಿಲ್ಲುವವಳು ದಾದಿ. ಒಂದು ಕೈಯಲ್ಲಿ ಹೀರುಗೊಳವೆ, ಇನ್ನೊಂದು ಕೈ ಅವನ ಭುಜದ ಮೇಲೆ. “ಮೂಗಿನಿಂದ ನಿಧಾನವಾಗಿ ಉಸಿರಾಡಿ. ಜೊಲ್ಲು ನುಂಗಬೇಡಿ, ಹರಿಯಲಿ ಬಿಡಿ. ನಾನು ಇಲ್ಲಿಯೇ ಇದ್ದೇನೆ” ಎನ್ನುತ್ತಿರುತ್ತಾಳೆ. ರೋಗಿ ಓಕರಿಸಿ ಬಲವಂತ ಮಾಡಿದರೆ ಸೀಳು ಹಿಗ್ಗೀತು. ಆದುದರಿಂದ ಅವನನ್ನು ಶಾಂತವಾಗಿರಿಸುವ ಈ ಮಾತುಗಳೂ ಚಿಕಿತ್ಸೆಯೇ.

ಸೀಳಿನಲ್ಲಿ ನೆತ್ತರು ಆಗಲೇ ನಿಂತಿದ್ದರೆ ವೈದ್ಯರು ಅದನ್ನು ಮುಟ್ಟದೆ ಹಿಂದಿರುಗುತ್ತಾರೆ. ಇನ್ನೂ ಒಸರುತ್ತಿದ್ದರೆ, ಸಣ್ಣ ಲೋಹದ ಹಿಡಿಕೆಯಿಂದ ಅಂಚುಗಳನ್ನು ಕೂಡಿಸಿ ಕಚ್ಚಿಸುವುದು ಒಂದು ಬಗೆ. ರಬ್ಬರಿನ ಸಣ್ಣ ಉಂಗುರ ತೊಡಿಸಿ ಬಿಗಿಯುವುದು ಮತ್ತೊಂದು. ಶಾಖದಿಂದ ರಕ್ತನಾಳವನ್ನು ಮುಚ್ಚುವುದೂ ಉಂಟು. ಹತ್ತು ಸಾವಿರಕ್ಕೊಂದರಷ್ಟು ತೆಳುವಾಗಿಸಿದ ಅಡ್ರಿನಲಿನ್ ಚುಚ್ಚಿದರೆ ರಕ್ತನಾಳ ಸಂಕುಚಿತವಾಗುತ್ತದೆ. ಆದರೆ ಅದೊಂದನ್ನೇ ನೆಚ್ಚದೆ ಇನ್ನೊಂದು ಉಪಾಯದೊಡನೆ ಸೇರಿಸುವುದು ವಾಡಿಕೆ. ಹಿಡಿಕೆ ಕೆಲವು ದಿನಗಳಲ್ಲೋ ವಾರಗಳಲ್ಲೋ ತಾನಾಗಿ ಕಳಚಿ ಮಲದೊಡನೆ ಹೋಗುತ್ತದೆ. ಅಷ್ಟರೊಳಗೆ ಎಂ.ಆರ್.ಐ. ಚಿತ್ರ ತೆಗೆಸಬೇಕಾಗಿ ಬಂದರೆ, ಹಿಡಿಕೆ ಹಾಕಿಸಿಕೊಂಡಿರುವ ಸಂಗತಿಯನ್ನು ತಪ್ಪದೆ ಹೇಳಬೇಕು.

ನಳಿಕೆಯಿಂದಲೇ ಅನ್ನನಾಳಕ್ಕೆ ರಂಧ್ರವಾಗುವುದು ಬಹು ವಿರಳ. ವಿರಳವಾದರೂ ಮರೆಯಬಾರದ ಸಂಗತಿ. ಆದುದರಿಂದಲೇ ಪರೀಕ್ಷೆ ಮುಗಿದ ಮೇಲೂ ದಾದಿ ರೋಗಿಯನ್ನು ಬಿಟ್ಟು ಹೋಗುವುದಿಲ್ಲ. ಎದೆನೋವು, ಜ್ವರ, ಉಸಿರುಗಟ್ಟುವಿಕೆ, ಕೊರಳ ಊತ ಇವುಗಳಿಗಾಗಿ ನೋಡುತ್ತಿರುತ್ತಾಳೆ. ಗಂಟಲಿನ ಮರವು ಹೋಗಿ ನುಂಗುವ ಶಕ್ತಿ ಮರಳುವವರೆಗೆ ಏನನ್ನೂ ಕೊಡುವುದಿಲ್ಲ. ಹೊರಗೆ ಕಾಫಿ ಹಿಡಿದು ಕಾದಿರುವ ಬಂಧುಗಳು ಇದಕ್ಕಾಗಿ ಆಕೆಯ ಮೇಲೆ ಮುನಿಯಬಾರದು. ಮರವಟ್ಟ ಗಂಟಲಿನಲ್ಲಿ ಇಳಿದ ಒಂದು ಗುಟುಕು ಕಾಫಿ ಶ್ವಾಸಕೋಶವನ್ನು ಸೇರಿದರೆ ಹೊಸ ರೋಗವೇ ಹುಟ್ಟೀತು. ಮಂಪರಿನ ಔಷಧ ಕೊಟ್ಟಿದ್ದರೆ ರೋಗಿಯು 24 ಗಂಟೆಗಳ ಕಾಲ ವಾಹನ ನಡೆಸಬಾರದು, ಮುಖ್ಯ ಕಾಗದಪತ್ರಗಳಿಗೆ ಸಹಿ ಹಾಕಬಾರದು.

ಮನೆಗೆ ಬಂದ ಮೇಲೆ

ಆ ಯಜಮಾನನಲ್ಲಿ ಕಂಡದ್ದು ಎರಡು ಸೆಂಟಿಮೀಟರಿನ ಒಂದು ಸೀಳು. ಅದಕ್ಕೆ ಎರಡು ಹಿಡಿಕೆಗಳು ಬಿದ್ದವು, ಹುಣ್ಣು ಇರಲಿಲ್ಲ. ಮೂರನೆಯ ದಿನ ಅವನು ಮನೆಗೆ ಬರುತ್ತಾನೆ. ವೈದ್ಯರು ಆಮ್ಲವನ್ನು ತಗ್ಗಿಸುವ ಗುಳಿಗೆಯನ್ನು ಬರೆದುಕೊಟ್ಟಿರುತ್ತಾರೆ. ಬೆಳಗಿನ ಉಪಾಹಾರಕ್ಕೆ ಅರ್ಧ ಗಂಟೆ ಮುಂಚೆ ಅದನ್ನು ನುಂಗುವುದು, ಹೇಳಿದಷ್ಟು ದಿನ ಬಿಡದೆ ನುಂಗುವುದು ಮುಖ್ಯ. ಮೊದಲ ಕೆಲವು ದಿನ ಗಂಜಿ, ಮಜ್ಜಿಗೆಯನ್ನ, ಇಡ್ಲಿ, ಬೇಯಿಸಿದ ತರಕಾರಿ ಸಾಕು. ತೀರ ಬಿಸಿಯಾದದ್ದು, ಖಾರವಾದದ್ದು, ನಿಪ್ಪಟ್ಟು ಚಕ್ಕುಲಿಗಳಂತಹ ಗಡುಸಾದದ್ದು ಕೆಲಕಾಲ ದೂರವಿರಲಿ. ಭಾರ ಎತ್ತುವುದೂ ಬೇಡ. ಮತ್ತೆ ವಾಕರಿಕೆ ಬಂದರೆ ಸಹಿಸಿಕೊಂಡು ಕೂರದೆ ವೈದ್ಯರನ್ನು ಕಂಡು ಅದನ್ನು ತಡೆಯುವ ಔಷಧ ಪಡೆಯಬೇಕು. ಬೆರಳು ಹಾಕಿ ವಾಂತಿ ಮಾಡಿಕೊಳ್ಳುವ ಚಾಳಿ ಯಾರಿಗಿದ್ದರೂ ಬಿಡತಕ್ಕದ್ದು; ಆ ಸೇನಾನಿಯ ಕಥೆಯನ್ನು ಅವರು ನೆನೆಯಲಿ.

ನೋವಿನ ಗುಳಿಗೆಗಳನ್ನು ಅಂಗಡಿಯಿಂದ ಸ್ವಂತವಾಗಿ ಕೊಂಡು ನುಂಗುವುದು ನಿಲ್ಲಬೇಕು. ಆದರೆ ಹೃದಯಕ್ಕೆಂದು ವೈದ್ಯರೇ ಕೊಟ್ಟ ಆಸ್ಪಿರಿನ್‌ನಂತಹ ಔಷಧವನ್ನು ತಾವಾಗಿ ಬಿಡಬಾರದು. ಬಿಡಬೇಕೆ, ಯಾವಾಗ ಮತ್ತೆ ತೊಡಗಬೇಕೆ ಎಂಬುದನ್ನು ಅವರನ್ನೇ ಕೇಳಬೇಕು.

ಮನೆಯವರು ಮಲದ ಬಣ್ಣವನ್ನು ವಿಚಾರಿಸಲು ಸಂಕೋಚಪಡಬಾರದು. ಒಂದೆರಡು ದಿನ ಹಳೆಯ ನೆತ್ತರು ಇಳಿದು ಕಪ್ಪಗಾಗುವುದು ಸಹಜ. ಅನಂತರವೂ ಡಾಂಬರಿನಂತೆ ಕಪ್ಪಾಗಿ, ಅಂಟಾಗಿ, ವಿಪರೀತ ನಾತದಿಂದ ಹೋದರೆ ಮತ್ತೆ ನೆತ್ತರು ಸೋರುತ್ತಿದೆಯೆಂದು ತಿಳಿಯಬೇಕು. ಕಬ್ಬಿಣದ ಗುಳಿಗೆ ನುಂಗುವ ಬಸುರಿಯರಲ್ಲಿಯೂ ಮಲ ಕಪ್ಪಗಾಗುತ್ತದೆ, ಆದರೆ ಅಲ್ಲಿ ಆ ಅಂಟೂ ಆ ನಾತವೂ ಇರುವುದಿಲ್ಲ. ಸಂಶಯವಿದ್ದರೆ ತೋರಿಸುವುದೇ ಮೇಲು. ಮತ್ತೆ ನೆತ್ತರು ಕಾರಿದರೆ, ಎದ್ದು ನಿಂತೊಡನೆ ಕಣ್ಣು ಕತ್ತಲಿಟ್ಟರೆ, ಎದೆ ನೊಂದರೆ, ಜ್ವರ ಬಂದರೆ, ನುಂಗುವುದು ಕಷ್ಟವಾದರೆ ಹೊತ್ತುಗೊತ್ತು ನೋಡದೆ ಆಸ್ಪತ್ರೆಗೆ ಹೋಗಬೇಕು.

ಮನೆಗೆ ಬಂದ ಸಂಜೆ ತಾಯಿ ಮಗನ ಪಕ್ಕದಲ್ಲಿ ಕುಳಿತು, “ಆ ಸಿಸ್ಟರು ನನ್ನನ್ನು ಚೀಟಿ ಕೊಟ್ಟು ಹೊರಗೆ ಕಳಿಸಿದ್ದು ಏಕೆಂದು ನನಗೆ ಆಗಲೇ ಗೊತ್ತಾಯಿತು ಕಣೋ” ಎನ್ನುತ್ತಾರೆ. ಮಗ ತಲೆ ತಗ್ಗಿಸುತ್ತಾನೆ. “ನನಗೆ ಹೇಳದಿದ್ದರೆ ಬೇಡ. ಅವರಿಗೆ ಹೇಳಿದೆಯಲ್ಲ, ಅಷ್ಟು ಸಾಕು” ಎಂದು, ಮಜ್ಜಿಗೆಯನ್ನದ ಬಟ್ಟಲನ್ನು ಅವನ ಕೈಗಿತ್ತು ತಾಯಿ ಒಳಗೆ ಹೋಗುತ್ತಾರೆ. ಸೊಸೆ ಪಕ್ಕದ ಮನೆಗೆ ಹೋಗಿ, ಅಂದು ಕದ ತೆರೆದಾಕೆಗೆ ಅವನು ಮನೆಗೆ ಬಂದ ಸುದ್ದಿಯನ್ನು ಹೇಳಿ ಬರುತ್ತಾಳೆ.